ಇಷ್ಟು ಸಾಕು ಅಂದವನ ಪಾಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೊಡಿಸಿ ನೋಡು ಅಂತ ನಾನು ಸೇರಿಸುತ್ತೇನೆ. ಕೆಂಪಾಪುರದ ನಮ್ಮ ಬೀದಿಯಲ್ಲಿ ಯಾರು ಕೇಳಿದರೂ, "ಟೈಪ್ ಮಾಡೋಕೆ, ವಿಡಿಯೊ ನೋಡೋಕೆ ಸಾದಾದು ಸಾಕು" ಅಂದುಬಿಡುತ್ತೇನೆ. ಆಮೇಲೆ ಫೋನ್ ಬಂದಾಗಲೆಲ್ಲ, ಯಾರದು ಕೆಟ್ಟಿತೋ ಅಂತ ಹೆದರಿಕೆ. ಸಾಲದ್ದಕ್ಕೆ, ದುಬಾರಿಯದೇ ಬೇಕು ಅಂತಿದ್ದ ಭಾಮೈದನ ಮಾತು ಮೀರಿ ಮಾವನಿಗೂ ಅದನ್ನೇ ಕೊಡಿಸಿದ್ದೇನೆ.

"ಅದೇನಾದ್ರೂ ಕೆಟ್ಟರೆ ತವರಲ್ಲಿ ನಿಮ್ಮ ಮರ್ಯಾದೆ ನೀವೇ ನೋಡ್ಕೊಳ್ಳಿ," ಅಂದಿದ್ದಾಳೆ ಹೆಂಡತಿ.

ಉಸಿರು

ಮೇಲಿನ ಮನೆಯವರು ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. "ಕೈ ಸುಡುತ್ತೆ ಕಣ್ರೀ ನೀವು ಹೇಳಿದ ಲ್ಯಾಪ್‌ಟಾಪು," ಅಂದರು. ಓಡಿದೆ. ನೋಡಿದರೆ ಟಿವಿ ರಿಮೋಟಿಗೆ ಹಾಕುವ ಹಾಗೆ ಅದಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು.

"ಸಾರ್, ಅದಕ್ಕೂ ಗಾಳಿ ಆಡ್ಬೇಕು. ಕವರ್ ತೆಗೀರಿ."

"ತೆಗೆದ್ರೆ ಹಳೇದಾಗಲ್ವಾ?"

ಕೊನೆಗೂ ತೆಗೆಯಲಿಲ್ಲ. ಊದಿನಕಡ್ಡಿ ಹಚ್ಚಿ ಕವರಿಗೆ ಅಲ್ಲಲ್ಲಿ ತೂತು ಸುಟ್ಟು, "ಈಗ ಆಡ್ಲಿ ಬಿಡಿ," ಅಂದರು.

ಬಾಗಿಲು

ಮನೆ ಓನರಮ್ಮನ ಲ್ಯಾಪ್‌ಟಾಪ್ ತೆವಳುತ್ತಿತ್ತು. ನೋಡಿದರೆ ಸಾಲುಸಾಲಾಗಿ ದೇವಸ್ಥಾನಗಳ ನೇರ ದರ್ಶನದ ಪುಟಗಳು. ಒಂದನ್ನೂ ಮುಚ್ಚಿಲ್ಲ.

"ನೋಡಿದ್ಮೇಲೆ ಮುಚ್ಬೇಕಮ್ಮ."

"ಸಂಜೆ ಹೊತ್ತು ಮುಚ್ಚೋ ಮಾತಾಡ್ಬೇಡಿ. ದೇವರ ಮುಖದ ಮೇಲೆ ಯಾರಾದ್ರೂ ಬಾಗಿಲು ಹಾಕ್ತಾರಾ?"

"ಮಂಗಳಾರತಿ ಆದ್ಮೇಲೆ ಗುಡೀಲೂ ಹಾಕ್ತಾರಲ್ಲ."

"ಅದು ಪೂಜಾರಿ ಹಾಕ್ತಾರೆ, ನಾನಲ್ಲ."

ಈಗ ದಿನಾ ಸಂಜೆ ಸ್ನಾನ ಮಾಡಿಕೊಂಡು ಹೋಗಿ ನಾನೇ ಮುಚ್ಚಿ ಬರುತ್ತೇನೆ. ಬರುವಾಗ ಕೋಸಂಬರಿ ಕೊಡುತ್ತಾರೆ.

ಮರ್ಯಾದೆ

ಹೆದರಿದ್ದ ಫೋನ್ ಬಂದೇ ಬಂತು. "ಅಳಿಯಂದ್ರೇ, ಇದು ಆನಾಗ್ತಿಲ್ಲ," ಅಂದರು ಸೋಲದೇವನಹಳ್ಳಿಯ ಮಾವ. ದಾರಿಯಲ್ಲಿ ಸಿಗ್ನಲ್ಲುಗಳಿಗೆಲ್ಲ ಶಾಪ ಹಾಕುತ್ತಾ ಹೋದೆ. ಭಾಮೈದ ನನಗೇ ಕಾದು ಸೋಫಾದಲ್ಲಿ ಕೂತಿದ್ದ. "ಭಾವ, ನಾನು ಅವತ್ತೇ ಹೇಳ್ಲಿಲ್ವಾ?"

ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಆ ಮನೆಗೆ ಟ್ರ್ಯಾಕ್ಟರೇ ಬರಲಿ, ಸ್ಕೂಟರೇ ಬರಲಿ, ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಹಿಚುಕಿಸದೆ ಹೊಸಿಲು ಬಿಟ್ಟು ಹೊರಡುವಂತಿಲ್ಲ.

"ಮಾವ, ಇದಕ್ಕೂ ನಿಂಬೆಹಣ್ಣು ಇಟ್ರಾ?"

"ಊಂ. ಚಕ್ರ ಇಲ್ವಲ್ಲ, ಅದಕ್ಕೆ ಅಡೀಲಿಟ್ಟು ಮೇಲಿಂದ ಅದುಮ್ದೆ. ಅಣ್ಣು ಅಪ್ಪಚ್ಚಿ ಆಯ್ತು, ಇದಕ್ಕೆ ಏನೂ ಆಗ್ಲಿಲ್ಲ. ಬೋ ಗಟ್ಟಿ."

ಹೋದ ಜೀವ ಬಂತು. ಎದೆಯುಬ್ಬಿಸಿ ಭಾಮೈದನ ಕಡೆ ನೋಡಿದೆ.

"ಅಷ್ಟೊಂದು ಗಟ್ಟಿ ಐತಲ್ಲ ಅಂತ," ಮಾವ ಮುಂದುವರಿಸಿದರು, "ತೆಂಗಿನಕಾಯೀನೂ ಅದರ ಮೇಲೇ ಒಡ್ದೆ."

ಎತ್ತಿ ನೋಡಿದೆ. ಕೀಗಳ ಸಂದಿಯಿಂದ ಕಾಯಿನೀರು ತೊಟ್ಟಿಕ್ಕಿತು. ಭಾಮೈದ ನಗು ತಡೆಯಲಾರದೆ ಒದ್ದಾಡುತ್ತಿದ್ದ. ನನಗೆ ತಲೆ ಎತ್ತಲಾಗಲಿಲ್ಲ.

ಮಾವ ನನ್ನ ಬೆನ್ನು ತಟ್ಟಿದರು. "ನೀವ್ಯಾಕೆ ಸಪ್ಪಗಾದ್ರಿ? ನೀವು ಏಳಿದ್ದೇ ಸರಿ. ಇವನ ಮಾತು ಕೇಳಿ ದುಬಾರಿದು ತಂದಿದ್ರೆ ಒಟ್ಟೆ ಉರೀತಿತ್ತು. ಕಾಯಿ ಒಡೆಯಕ್ಕೆ ಇಂಥದ್ದೇ ಸಾಕು."