ಸೋದರಮಾವನ ಸರ್ಕಲ್ ಪ್ರದಕ್ಷಿಣೆ

ಫೋನು ಕೈಗೆ ಬಂದದ್ದೇ ದಾರಿ ಕೇಳುವ ಬಾಯಿಗೆ ಬೀಗ ಬಿದ್ದ ಈ ಮಹಾಯುಗದಲ್ಲಿ, ಎಲೈ ವಾಗ್ದೇವಿಯೇ, ಸಕಲಸೋದರಮಾವಕುಲತಿಲಕನೂ ಜೀರ್ಣಶ್ವೇತಕಾರುಸಾರಥಿಯೂ ಆದ ಗದಗಿನ ಗುರುಶಾಂತಪ್ಪನ ರಾಣೆಬೆನ್ನೂರು ದಂಡಯಾತ್ರೆಯನ್ನು ಹಾಡಲು ನನಗೆ ಉಸಿರು ಕೊಡು. ನಗು ತಡೆಯುವ ಶಕ್ತಿಯನ್ನೂ ಕೊಡು.

ಅಂದು ಅಕ್ಕನ ಮಗಳು ನೀಲಾಂಬಿಕೆಯ ಮದುವೆ. ವಧುವನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಅವನು ಕಾದಿದ್ದ ಹಕ್ಕು. ಅಕ್ಷತೆಗೆ ಉಳಿದದ್ದು ಇಪ್ಪತ್ತೇ ನಿಮಿಷ; ಕಾರು ಮಾತ್ರ ಇನ್ನೂ ರಾಣೆಬೆನ್ನೂರಿನ ಬೀದಿಗಳಲ್ಲಿ ಮಂಟಪ ಹುಡುಕುತ್ತಿತ್ತು.

"ರೀ, ಇಳದು ಯಾರನ್ನರ ಕೇಳ್ರಿ," ಎಂದಳು ಪಕ್ಕದಲ್ಲಿದ್ದ ಹೆಂಡತಿ ಗಂಗವ್ವ.

ವೀರನು ಗರ್ಜಿಸಿದನು: "ನಾ ಕೇಳೋದಾ? ಇಪ್ಪತ್ತು ಸಾವಿರ ಕಿಲೋಮೀಟರ್ ಮ್ಯಾಲ ನಾಲ್ಕು ಉಪಗ್ರಹ ತಿರಗಕೋಂತ 'ಈಗಿಷ್ಟು ಗಂಟೆ, ಈಗಿಷ್ಟು ಗಂಟೆ' ಅಂತ ನನಗಾಗಿ ಒದರಾಕತ್ತಾವ! ಆ ಕೂಗು ಬರಾಕ ಎಷ್ಟು ತಡಾ ಆತು ಅಂತ ನೋಡಿ, ನಾ ಎಲ್ಲಿ ಅದೀನಿ ಅನ್ನೋದನ್ನ ಈ ಫೋನು ಲೆಕ್ಕಾ ಹಾಕತೈತಿ. ಭಾವಾರು ಲೊಕೇಶನ್ ಕಳಿಸ್ಯಾರ. ಅಲ್ಲಿ ಮುಟ್ಟಿದ್ರ ಮಂಟಪ ಮುಟ್ಟಿದಂಗ!"

ಅಯ್ಯೋ! ಭಾವ, ಅಂದರೆ ವಧುವಿನ ತಂದೆ ಮಹಾರುದ್ರಪ್ಪ, ಕಳಿಸಿದ್ದು ಕಲ್ಯಾಣಮಂಟಪದ ಜಾಗವನ್ನಲ್ಲ. ತಾನು ಹೋದಲ್ಲೆಲ್ಲ ತನ್ನ ಜೊತೆಗೇ ಓಡಾಡುವ ಲೈವ್ ಲೊಕೇಶನ್ನನ್ನು. ಮರ್ಯಾದೆಗೆಂದು ಗುರುಶಾಂತಪ್ಪನೂ ತನ್ನದನ್ನು ಕಳಿಸಿದ್ದ. ಮೈದುನ ಬರಲಿಲ್ಲವೆಂದು ಕಂಗಾಲಾದ ಭಾವ, ಅವನನ್ನು ಎದುರುಗೊಳ್ಳಲು ತಾನೇ ಕಾರು ಹತ್ತಿ ಹೊರಟುಬಿಟ್ಟಿದ್ದ.

ಮುಂದಿನದನ್ನು ಹೇಗೆ ಬಣ್ಣಿಸಲಿ! ಊರ ನಡುವಿನ ಸರ್ಕಲ್ಲಿನಲ್ಲಿ ಆ ರಥಿಕಶಿಖಾಮಣಿಗಳಿಬ್ಬರೂ ಫೋನಿನಲ್ಲೇ ಕಣ್ಣು ನೆಟ್ಟು, ಒಬ್ಬನ ಚುಕ್ಕೆಯನ್ನು ಇನ್ನೊಬ್ಬ ಅಟ್ಟುತ್ತ, ಒಂದು ಸುತ್ತು, ಮೂರು ಸುತ್ತು, ಏಳು ಸುತ್ತು ಸುತ್ತಿದರು. ಪೊಲೀಸಪ್ಪ ಸೀಟಿ ಊದಿ ಊದಿ ಸುಸ್ತಾದ.

"ಎಲ್ಲಿ ಅದೀಯೋ ಗುರುಶಾಂತಾ?" ಭಾವ ಫೋನಿನಲ್ಲಿ ಅರಚಿದ.

"ನಿಮ್ಮ ಹಿಂದ ಅದೀನ್ರಿ ಭಾವಾರ!"

"ಸುಳ್ಳು ಹೇಳಬ್ಯಾಡ. ನಿನ್ನ ಹಿಂದ ನಾ ಅದೀನಿ!"

ವೀರನ ಕಣ್ಣು ತುಂಬಿತು. "ಐದು ನಿಮಿಷ ಉಳದೈತಿ ಗಂಗವ್ವ. ನಮ್ಮ ನೀಲಾ ಯಾರ ಕೈ ಹಿಡಕೊಂಡು ಬರ್ತಾಳ?" ಎಂದನು. ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಎಂಟನೆಯ ಸುತ್ತಿನಲ್ಲಿ ಬಾಸಿಂಗ ಕಟ್ಟಿದ ಮದುಮಗಳೊಬ್ಬಳು ರಸ್ತೆಗಿಳಿದು ಕಾರಿಗೆ ಕೈ ಅಡ್ಡ ಹಿಡಿದಳು. ಸಾಕ್ಷಾತ್ ನೀಲಾಂಬಿಕೆ! ಅವಳ ಬೆನ್ನ ಹಿಂದೆ, ಸರ್ಕಲ್ಲಿಗೇ ಮುಖ ಮಾಡಿ, ಬಾಳೆಕಂಬ ಕಟ್ಟಿದ ಕಲ್ಯಾಣಮಂಟಪ ನಿಂತಿತ್ತು.

"ಮಾಮಾ, ಆಗಿಂದ ಮಾಳಿಗಿ ಮ್ಯಾಲಿಂದ ನೋಡಾಕತ್ತಿದ್ದೆ. ಏಳು ಸರ್ತಿ ಈ ಮಂಟಪದ ಮುಂದ ಹಾದು ಹೋದಿ. ಲಗೂನ ಇಳಿ!"

ಹೀಗೆ ಉಪಗ್ರಹಚತುಷ್ಟಯರಕ್ಷಿತನಾದ ಆ ಮಹಾವೀರನನ್ನು ಸೊಸೆಯೇ ಕೈಹಿಡಿದು ಮಂಟಪಕ್ಕೆ ಕರೆತಂದಳು. ಒಟ್ಟು ಹದಿನಾಲ್ಕು ಹೆಜ್ಜೆ. ಅಕ್ಷತೆ ಬೀಳುವ ಹೊತ್ತಿಗೆ ವಧುವಿನ ತಂದೆಯೂ ಫೋನು ನೋಡುತ್ತ, ಮೈದುನನ ಜೇಬಿನೊಳಗಿನ ಚುಕ್ಕೆಯನ್ನು ಹಿಂಬಾಲಿಸಿ, ಮಗಳ ಮದುವೆಗೆ ಬಂದು ಮುಟ್ಟಿದ.