ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಕೂತಿರುವ ಸ್ಟೀಲ್ ಡಬ್ಬಿಗಳಲ್ಲಿ ಒಂದೂ ನಮ್ಮದಲ್ಲ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ, ಯಾಕೆಂದರೆ ನಮ್ಮ ಡಬ್ಬಿಗಳೆಲ್ಲ ಬೇರೆಯವರ ಹಲಗೆಯ ಮೇಲಿವೆ. ಹರಪನಹಳ್ಳಿಯ ನಮ್ಮ ಓಣಿಯಲ್ಲಿ ಡಬ್ಬಿ ಖಾಲಿ ಓಡಾಡುವುದಿಲ್ಲ. ಪಕ್ಕದ ಮನೆಯವರು ಹೋಳಿಗೆ ಕಳಿಸಿದರೆ ಡಬ್ಬಿಯನ್ನು ತೊಳೆದು ಒರೆಸಿ ಹಾಗೇ ಕೊಡುವಂತಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಆದರೆ ಹೋಳಿಗೆ ಬಂದ ಡಬ್ಬಿಗೆ ಬರೀ ಸಕ್ಕರೆ ಹಾಕಿ ಕಳಿಸಲು ನನ್ನ ಹೆಂಡತಿ ಗಿರಿಜಾಗೆ ಮನಸ್ಸು ಬರುವುದಿಲ್ಲ. "ದೀಪಾವಳಿಗೆ ಕರ್ಜಿಕಾಯಿ ಮಾಡ್ತೀನಲ್ರಿ, ಆವಾಗ ಹಾಕಿ ಕೊಡ್ತೀನಿ" ಅನ್ನುತ್ತಾಳೆ. ದೀಪಾವಳಿ ಬರುತ್ತದೆ, ಕರ್ಜಿಕಾಯಿ ನನ್ನ ಹೊಟ್ಟೆ ಸೇರುತ್ತದೆ, ಡಬ್ಬಿ ಅಲ್ಲೇ ಇರುತ್ತದೆ. ಈ ವಿಷಯದಲ್ಲಿ ನಾನು ಅವಳನ್ನು ಆಡಿಕೊಳ್ಳದ ದಿನವೇ ಇರಲಿಲ್ಲ.

ಆಗ ನಾನು ಊರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಂದೇ ದೊಡ್ಡ ಸರ್ವರ್ ತಂದಿಟ್ಟು, ಅದರ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳಿವೆ ಎಂದು ಎಲ್ಲರನ್ನೂ ನಂಬಿಸುವ ಹೊಸ ಪದ್ಧತಿ ಬಂದಿತ್ತು. ಅವಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಅವು ಕಣ್ಣಿಗೆ ಕಾಣುವುದಿಲ್ಲ ನಿಜ, ಆದರೆ ಪ್ರತಿಯೊಂದೂ ಮೆಮೊರಿ ತಿನ್ನುತ್ತದೆ, ಡಿಸ್ಕಿನಲ್ಲಿ ಜಾಗ ಹಿಡಿಯುತ್ತದೆ, ಕರೆಂಟು ಹೋದರೆ ಜನರೇಟರಿನ ಡೀಸೆಲ್ಲನ್ನೂ ಕುಡಿಯುತ್ತದೆ. ಜೋಡಿಸಲು ದಾವಣಗೆರೆಯಿಂದ ಬಂದಿದ್ದ ಇಂಜಿನಿಯರ್ "ಇದು ನಿಮ್ಮದೇ ಪ್ರೈವೇಟ್ ಕ್ಲೌಡ್ ಸರ್" ಎಂದು ಕೈಕುಲುಕಿ ಹೋದ. ಸುಗ್ಗಿಯಲ್ಲಿ ಮೆಕ್ಕೆಜೋಳದ ಹೊಟ್ಟು ಹಾರಿಬಂದು ಫ್ಯಾನಿಗೆ ಮೆತ್ತಿಕೊಂಡರೆ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ನಾನು ಕೇಳಿದವರಿಗೆಲ್ಲ ಮಷೀನು ಕೊಡುತ್ತಾ ಹೋದೆ. ಹುಟ್ಟಿಸುವುದು ಸಲೀಸು. ಕೆಲಸ ಮುಗಿದ ಮೇಲೆ ಅಳಿಸಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಅಡ್ಮಿಷನ್ ಹತ್ತಿರ ಬಂದಾಗ ಅದಕ್ಕೊಂದು ಹೊಸ ಮಷೀನು ಬೇಕಾಯಿತು. ನೋಡಿದರೆ ಸರ್ವರಿನಲ್ಲಿ ಕಾಲಿಡಲೂ ಜಾಗವಿಲ್ಲ. "ಸೋಮವಾರಕ್ಕ ರೆಡಿ ಇಲ್ಲಾಂದ್ರ ಹುಡುಗ್ರ ಪಾಳಿ ರಸ್ತಿತನಕ ಹೋಗತೈತಿ, ನೋಡ್ರಿ ಮತ್ತ" ಎಂದರು ಪ್ರಿನ್ಸಿಪಾಲರು. ಬಳಸದ ಮಷೀನುಗಳನ್ನು ಶನಿವಾರದೊಳಗೆ ವಾಪಸ್ ಕೊಡಬೇಕೆಂದು ನಾನು ಸುತ್ತೋಲೆ ಹೊರಡಿಸಿದೆ. ಎಲ್ಲರೂ ಓದಿ ಸಹಿ ಹಾಕಿದರು, ಒಬ್ಬರೂ ಕೊಡಲಿಲ್ಲ. ಖುದ್ದಾಗಿ ಹೋಗಿ ಕೇಳಿದರೆ ಭೌತಶಾಸ್ತ್ರದವರು, "ಇರ್ಲಿ ಬಿಡ್ರಿ, ಮುಂದ ಬೇಕಾಗತೈತಿ" ಎಂದರು. ಥೇಟ್ ಗಿರಿಜಾಳ ಮಾತು.

ಕೊನೆಗೆ ನನ್ನ ಕಣ್ಣು ಸ್ಕಾಲರ್‌ಶಿಪ್ ವಿಭಾಗದ ಗುಮಾಸ್ತೆ ಶಾಹಿದಾ ಮೇಡಂ ಅವರ ಮಷೀನಿನ ಮೇಲೆ ಬಿತ್ತು. ಆ ಕೆಲಸ ಬೇರೆ ಕಡೆ ಹೋಗಿ ಬಹಳ ಕಾಲವಾಗಿತ್ತು. ಆದರೂ ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ಆ ಮಷೀನು ಒಮ್ಮೆ ಎಚ್ಚರಾಗಿ, ಮತ್ತೆ ಮಲಗುತ್ತಿತ್ತು. ಏನು ನಡೆಯುತ್ತಿದೆ ಎಂದು ನೋಡಲು ಹೋದೆ. ಮೇಡಂ ಪರದೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದರು. ಪರದೆಯ ಮೇಲೆ ಅವರ ಹೆಸರು ಬಿಟ್ಟರೆ ಏನೂ ಇರಲಿಲ್ಲ.

"ಇದರಾಗ ಏನು ಮಾಡ್ತೀರಿ ಮೇಡಂ?" ಎಂದೆ.

"ಏನಿಲ್ರಿ ಸರ್, ಸುಮ್ಮನ ತೆಗದು ಕುಂದ್ರತೀನಿ" ಎಂದು ಸಂಕೋಚದಿಂದ ನಕ್ಕರು. "ನಮ್ಮ ಮನಿಯಾಗ ಭಾಳ ಮಂದಿ ಅದೀವ್ರಿ. ಅತ್ತಿ, ಮಾವ, ಮೈದುನರು, ಅವರ ಮಕ್ಳು. ಕಪಾಟು ಎಲ್ಲಾರದೂ, ಟ್ರಂಕು ಎಲ್ಲಾರದೂ. ನನ್ನ ಹೆಸರಿಂದು, ನಾನು ಕೀಲಿ ಹಾಕಿದ್ದು ಅಂದ್ರ ಇದೊಂದ ನೋಡ್ರಿ."

ನಾನು ಪರದೆಯ ಮೇಲಿನ ಆ ಹೆಸರನ್ನು ಇನ್ನೊಮ್ಮೆ ಓದಿದೆ. ಆಮೇಲೆ ಅವರೇ, "ನಿಮಗ ಬೇಕಾಗೈತಲ್ರಿ, ಶನಿವಾರ ಕೊಡ್ತೀನಿ" ಎಂದರು. ಇಡೀ ಕಾಲೇಜಿನಲ್ಲಿ ನನ್ನ ಸುತ್ತೋಲೆಗೆ ಬೆಲೆ ಕೊಟ್ಟವರು ಅವರೊಬ್ಬರೇ. ಆದರೆ ಅದಕ್ಕೆ ಖುಷಿಪಡಲು ನನಗೆ ಮನಸ್ಸಾಗಲಿಲ್ಲ.

ಹೇಳಿದಂತೆ ಶನಿವಾರ ಬಂದು ಪಾಸ್‌ವರ್ಡ್ ಹೇಳಿದರು. ಬಾಗಿಲ ತನಕ ಹೋದವರು ತಿರುಗಿ, "ಖಾಲಿ ಕೊಡಬಾರ್ದಂತ ಸ್ವಲ್ಪ ಸಕ್ಕರಿ ಹಾಕೀನ್ರಿ" ಎಂದರು. ನಾನು ಮಷೀನು ತೆರೆದು ನೋಡಿದೆ. ಚಿತ್ರ ಬಿಡಿಸುವ ಪೇಂಟ್ ಪ್ರೋಗ್ರಾಮಿನಲ್ಲಿ ಒಂದು ದುಂಡನೆಯ ಡಬ್ಬಿ ಬರೆದು, ಅದರ ತುಂಬ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ಇಟ್ಟಿದ್ದರು.

ಇನ್ನು ನಾನು ಒತ್ತಬೇಕಾದ್ದು ಒಂದೇ ಒಂದು ಗುಂಡಿ. ಆದರೆ ಸಕ್ಕರೆಯನ್ನು ಮೋರಿಗೆ ಸುರಿದ ಹಾಗಾಗುತ್ತದೆಂದು ಕೈ ಬರಲಿಲ್ಲ. ಬೇರೆ ಯಾರ ಮಷೀನನ್ನಾದರೂ ಬಲಿ ಹಾಕೋಣವೆಂದು, ಕೆಲಸವಿಲ್ಲದೆ ಅತಿ ಹೆಚ್ಚು ಮೆಮೊರಿ ತಿನ್ನುತ್ತಿರುವ ಸೋಮಾರಿ ಯಾವುದೆಂದು ಹುಡುಕಿದೆ. ಸಿಕ್ಕಿತು. ಮಾಲೀಕ ನಾನೇ. ಸರ್ವರ್ ಬಂದ ಹೊಸದರಲ್ಲಿ ಕಲಿಯಲೆಂದು ಮಾಡಿಕೊಂಡು, ಇರಲಿ, ಮುಂದೆ ಬೇಕಾಗುತ್ತದೆ ಎಂದು ಬಿಟ್ಟಿದ್ದೆ. ಅದನ್ನು ಅಳಿಸಿದ್ದೇ ತಡ, ಅಡ್ಮಿಷನ್ನಿನ ಮಷೀನು ಕಾಲು ಚಾಚಿ ಕೂರುವಷ್ಟು ಜಾಗವಾಯಿತು.

ಮನೆಗೆ ಬಂದು ಗಿರಿಜಾಗೆ ಎಲ್ಲವನ್ನೂ ಹೇಳಿ, ಸೋಮವಾರ ಮೇಡಂಗೆ ಅವರ ಮಷೀನು ವಾಪಸ್ ಕೊಡುತ್ತೇನೆ ಎಂದೆ. ಅವಳು ಮೇಲಿನ ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಏನು ಹಾಕಿ ಕೊಡ್ತೀರಿ?" ಎಂದಳು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸಕ್ಕರೆ ಬಂದ ಡಬ್ಬಿಗೆ ಸಕ್ಕರೆಯನ್ನೇ ಹಾಕುವುದು ಚೆನ್ನಾಗಿರುವುದಿಲ್ಲ. "ಈಗ ಗೊತ್ತಾತೇನ್ರಿ ನನ್ನ ಕಷ್ಟ?" ಎಂದು ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಭಾನುವಾರ ಕಾಲೇಜಿಗೆ ಹೋಗಿ ಅದೇ ಪೇಂಟಿನಲ್ಲಿ ಲಾಡು ಬರೆಯಲು ಕೂತೆ. ಮೌಸ್ ಹಿಡಿದು ದುಂಡಗೆ ಬರೆಯುವುದು ಎಷ್ಟು ಕಷ್ಟವೆಂದು ಶಾಹಿದಾ ಮೇಡಂ ಅವರನ್ನೇ ಕೇಳಬೇಕು. ಬರೆದು, ಅಳಿಸಿ, ಮತ್ತೆ ಬರೆದು, ಕೇಸರಿ ಬಣ್ಣ ಕೊಂಚ ಕೆಂಪಗಾದರೂ ಇರಲಿ ಎಂದು ಬಿಟ್ಟು, ಅಲಂಕಾರಕ್ಕೆ ನೆತ್ತಿಯ ಮೇಲೊಂದು ಲವಂಗವನ್ನೂ ಚುಚ್ಚಿದೆ. ಸೋಮವಾರ ಹೊರಗೆ ಅಡ್ಮಿಷನ್ನಿನ ಗದ್ದಲ ನಡೆದಿತ್ತು. ಊಟದ ಹೊತ್ತಿಗೆ ನಾನು ಹೋಗಿ ಹೇಳಿದ ಮೇಲೆ ಮೇಡಂ ತಮ್ಮ ಮಷೀನು ತೆರೆದರು. ಬಹಳ ಹೊತ್ತು ಪರದೆಯನ್ನೇ ನೋಡಿದರು. ಕಣ್ಣು ಒರೆಸಿಕೊಂಡರು.

"ಟೊಮೆಟೊ ಭಾಳ ಚಂದ ಬಂದೈತ್ರಿ ಸರ್" ಎಂದರು.

ಅದು ಲಾಡು ಎಂದು ನಾನು ಇವತ್ತಿಗೂ ಹೇಳಿಲ್ಲ.