ಕೈ ಮುಗಿದರೆ ನಿಲ್ಲುವ ಕಾರು

ರಿಪೇರಿಗೆ ಬಂದ ಗಾಡಿಗಳಿಗಿಂತ ರಿಪೇರಿಯಾಗಿ ಹೋದ ಗಾಡಿಗಳೇ ನನ್ನ ತಲೆ ಹೆಚ್ಚು ತಿಂದಿವೆ. ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯಲ್ಲಿ ಗ್ಯಾರೇಜ್ ಇಟ್ಟಿದ್ದಾಗ ಇಂಥ ಫಜೀತಿಗಳು ಆಗುತ್ತಲೇ ಇದ್ದವು. ಈ ಮೂರು ಪ್ರಸಂಗಗಳೂ ಒಂದೇ ಕಾರಿನವು. ತಪ್ಪು ಯಾರದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

೧. ಎರಡೂವರೆ

ಕಾಳಿನ ಅಡತಿ ಅಂಗಡಿಯ ಸಾಹುಕಾರರ ಹಳೇ ಕಾರಿನ ಕಾರ್ಬುರೇಟರ್ ಒಡೆಯಿತು. ಹೊಸದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ನಾನು ಗುಜರಿಗೆ ಬಿದ್ದ ಮೋಟಾರ್ ಸೈಕಲ್ಲುಗಳಿಂದ ಎರಡು ಕಾರ್ಬುರೇಟರ್ ಬಿಚ್ಚಿ ತಂದು ಎಂಜಿನ್ನಿಗೆ ಜೋಡಿಸಿದೆ.

"ಎರಡ್ಯಾಕಲೇ?" ಎಂದರು ಸಾಹುಕಾರರು.

ಸರಿಯಾದ ಉತ್ತರ ನನಗೂ ಗೊತ್ತಿರಲಿಲ್ಲ. "ಮೋಟಾರ್ ಸೈಕಲ್ಲಿಗೆ ಎರಡು ಗಾಲಿ, ಒಂದು ಕಾರ್ಬುರೇಟರ್. ಕಾರಿಗೆ ನಾಕು ಗಾಲಿ. ಲೆಕ್ಕಾ ಬರೋಬ್ಬರಿ ಆತಲ್ರಿ," ಎಂದೆ.

ಅವರು ಡಿಕ್ಕಿ ತೆಗೆದು ನೋಡಿ, "ಹಂಗಾರ ಸ್ಟೆಪ್ನಿ ಹಿಡದ್ರ ಎರಡೂವರಿ ಬೇಕಲ್ಲೋ?" ಎಂದರು.

೨. ಭಾರೀ ಮರ್ಯಾದೆ

ಕಾರಿನ ಎಕ್ಸಿಲರೇಟರ್ ಪೆಡಲ್ಲು ಈ ಕಾರ್ಬುರೇಟರುಗಳಿಗೆ ಹೊಂದಲಿಲ್ಲ. ಮೋಟಾರ್ ಸೈಕಲ್ಲಿನ ಹಿಡಿಯನ್ನೇ ತಂದು ಸ್ಟೇರಿಂಗಿನ ಬಾಜೂಕ್ಕೆ ಕೂಡಿಸಿದೆ. ತಿರುವಿದರೆ ಗಾಡಿ ಓಡುತ್ತದೆ, ಕೈ ಬಿಟ್ಟರೆ ಗೊರಗೊರ ಎಂದು ನಿಲ್ಲುತ್ತದೆ.

ಆದರೆ ಸಾಹುಕಾರರು ಹಿರಿಯರನ್ನು ಕಂಡರೆ ಎರಡೂ ಕೈ ಮುಗಿದು "ಶರಣ್ರೀ" ಅನ್ನದೆ ಮುಂದೆ ಹೋಗುವವರಲ್ಲ. ಹಿರಿಯರು ಕಂಡಲ್ಲೆಲ್ಲ ಗಾಡಿ ನಿಲ್ಲತೊಡಗಿತು. "ನಮ್ಮನ್ನ ಕಂಡು ಕಾರ್ ನಿಂದ್ರಸ್ತಾರ, ಎಂಥಾ ದೊಡ್ಡ ಗುಣಾ!" ಎಂದು ಊರೇ ಹೊಗಳಿತು. ಮರುದಿನ ಪೇಟೆಯುದ್ದಕ್ಕೂ ಹಿರಿಯರು ಮುಂಜಾನೆಯೇ ಜಳಕ ಮಾಡಿ, ತಲೆಗೆ ಪಟಗಾ ಸುತ್ತಿಕೊಂಡು ಬಂದು ನಿಂತರು.

ಒಂದು ದಿನ ಸಾಹುಕಾರರು ನನ್ನ ಗ್ಯಾರೇಜಿನ ಮುಂದೆ ಬಿರಬಿರನೆ ನಡೆದು ಹೊರಟಿದ್ದರು. "ಕಾರ್ ಯಾಕ ಬಿಟ್ಟು ಬಂದ್ರಿ?" ಎಂದೆ.

"ಇವತ್ತ ಅರ್ಜಂಟ್ ಐತೋ!"

೩. ಮನೆ ನೋಡಿದ್ದು

ಸಾಹುಕಾರರ ಮಗಳನ್ನು ಗುಡಗೇರಿಯ ಹುಡುಗ ನೋಡಿ ಒಪ್ಪಿದ್ದ. ಅವಳಿಗೂ ಮನಸ್ಸಿತ್ತು. ಆದರೆ ಹುಡುಗನ ಅಪ್ಪ, ಹೊಸ ಮೋಟಾರ್ ಸೈಕಲ್ಲು ಕೊಟ್ಟರಷ್ಟೇ ಲಗ್ನ ಎಂದು ಪಟ್ಟು ಹಿಡಿದಿದ್ದರು.

"ಅವರ ಮನಿ ನೋಡಾಕ ಹೊಂಟೀನಿ. ಸಂಬಂಧ ಮುರದ್ರ ಮಗಳು ಊಟಾ ಬಿಡತಾಳ. ಅಲ್ಲಿ ಗಾಡಿ ನಿಂತು ಮಾನಾ ಕಳೀಬಾರದ ನೋಡು," ಎಂದರು ಸಾಹುಕಾರರು. ನಾನು ಹಿಡಿ ಹಿಂದಕ್ಕೆ ತಿರುಗದಂತೆ ಹಳೇ ಟ್ಯೂಬಿನ ತುಂಡಿನಿಂದ ಬಿಗಿದು, ಹಿಂದಿನ ಸೀಟಿನಲ್ಲಿ ಕುಳಿತೆ.

ಗುಡಗೇರಿಯಲ್ಲಿ ಬೀಗರಾಗುವ ಹುಡುಗನ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಸಾಹುಕಾರರು ಎರಡೂ ಕೈ ಮುಗಿದರು. ಗಾಡಿ ನಿಲ್ಲಲಿಲ್ಲ, ಮನೆ ದಾಟಿ ಹೋಯಿತು.

"ಬ್ರೇಕ್ ರೀ, ಬ್ರೇಕ್!" ಎಂದು ಕೂಗಿದೆ. ಕೈ ಬಿಟ್ಟರೆ ನಿಲ್ಲುವ ಗಾಡಿ ಓಡಿಸಿ ಓಡಿಸಿ ಅವರಿಗೆ ಬ್ರೇಕ್ ಯಾವ ಕಾಲಿನದೆಂಬುದೇ ಮರೆತುಹೋಗಿತ್ತು. ಗಾಡಿ ಪಕ್ಕದ ಮಠ ಸುತ್ತಿ ಮತ್ತೆ ಅದೇ ಬಾಗಿಲಿಗೆ ಬಂತು. ಬೀಗರನ್ನು ಕಂಡೊಡನೆ ಸಾಹುಕಾರರ ಕೈಗಳು ಮತ್ತೆ ತಾವೇ ಎದ್ದವು.

ಈ ಸಂಬಂಧವೇ ಬೇಡವೆಂದು ಕೈ ಮುಗಿದು ಹೊರಟರೆಂದು ತಿಳಿದ ಬೀಗರು ಗಾಬರಿಯಾದರು. "ಹೊಸಾ ಮೋಟಾರ್ ಸೈಕಲ್ ಬ್ಯಾಡ್ರೀ, ಹಳೇದಾದ್ರೂ ನಡೀತೈತಿ!" ಎಂದು ಕೂಗಿದರು.

ಮೂರನೆಯ ಸುತ್ತಿಗೂ ಅದೇ ನಮಸ್ಕಾರ. ಬೀಗರು ಧೋತರ ಎತ್ತಿ ಹಿಡಿದು ಗಾಡಿಯ ಹಿಂದೆ ಓಡಿ ಬಂದರು. "ಏನೂ ಬ್ಯಾಡ್ರೀ! ಇಳದು ಬರೇ ಚಾ ಕುಡೀರಿ!"

ಅಷ್ಟರಲ್ಲಿ ನಾನು ಮುಂದಕ್ಕೆ ಬಗ್ಗಿ ಟ್ಯೂಬು ಬಿಚ್ಚಿದೆ. ಗಾಡಿ ನಿಂತಿತು. ಸಾಹುಕಾರರು ಬೆವರು ಒರೆಸಿಕೊಂಡು, ನನ್ನತ್ತ ತಿರುಗಿ ಹಲ್ಲು ಕಡಿದರು:

"ಯಾಕ ಬಿಚ್ಚಿದಿಲೇ? ಇನ್ನೊಂದ ಸುತ್ತ ಹೊಡದಿದ್ರ ಲಗ್ನದ ಖರ್ಚೂ ಅವರೇ ಹಾಕತಿದ್ರು!"